ಫಿರಂಗಿ ಕಲ್ಲಿನ ಎಡೆ

ನಮ್ಮೂರಿನ ಹೊಸ ದೇವಸ್ಥಾನಕ್ಕೆ ನಾನು ಹೋಗುವುದಿಲ್ಲ. ತವರಿಗೆ ಹೋದಾಗ ಯಾರಾದರೂ, "ಬಾರವ್ವ, ಸಾಮಿಗೊಂದು ಕೈ ಮುಗ್ದು ಹೋಗು" ಎಂದರೆ ಕಾಲು ನೋವು ಅನ್ನುತ್ತೇನೆ. ಕಾಲು ನೋವು ಏನೂ ಇಲ್ಲ. ಆ ಸ್ವಾಮಿ ನನ್ನ ತಾತ. ತಾತನಿಗೆ ಕೈ ಮುಗಿಯಲು ನನಗೇನು ದೊಡ್ಡಸ್ತಿಕೆಯೇ? ಆದರೆ ಅವನು ನನ್ನ ತಾತ ಎಂದು ಅಲ್ಲಿ ಬಾಯಿ ಬಿಟ್ಟು ಹೇಳುವಂತಿಲ್ಲ. ಸಿಟ್ಟು ಅದಕ್ಕೆ. ಅವ್ವ ತೀರಿಹೋಗಿ ಇಷ್ಟು ವರ್ಷ ಆದ ಮೇಲೂ ಆ ಸಿಟ್ಟು ಇಳಿದಿಲ್ಲ.

ನಮ್ಮೂರು ಕನಕಪುರ ತಾಲ್ಲೂಕಿನಲ್ಲಿದೆ, ಬೆಂಗಳೂರು ರಸ್ತೆಯಿಂದ ಸ್ವಲ್ಪ ಒಳಗೆ. ಈಗ ಆ ಕಡೆ ಹೋದರೆ ತಗಡಿನ ಶೆಡ್ಡುಗಳು, ಮುಗಿಯದ ಕಾಂಪೌಂಡು, ಸಾಲಾಗಿ ನಿಂತ ಲಾರಿಗಳು. ನಾನು ಬೆಳೆಯುವಾಗ ಅಲ್ಲಿ ರಾಗಿ ಹೊಲ, ಹಿಪ್ಪುನೇರಳೆ ಕಡ್ಡಿ, ಅದರಾಚೆಗೆ ಬಂಡೆ. ಹೊಲಕ್ಕೂ ಬಂಡೆಗೂ ನಡುವೆ ಒಂದು ಹುಣಸೆಮರ, ಅದರ ಕೆಳಗೆ ಎದೆಮಟ್ಟದ ಒಂದು ಕಲ್ಲು. ಅದನ್ನು ಫಿರಂಗಿ ಕಲ್ಲು ಅನ್ನುತ್ತಿದ್ದರು. ಗುರುತು ಹೇಳುವುದಕ್ಕೂ ಅದೇ. "ಫಿರಂಗಿ ಕಲ್ಲಿಂದ ಎಡಕ್ಕೆ ತಿರೀಕ್ಕೊ" ಅಂದರೆ ಯಾರೂ ದಾರಿ ತಪ್ಪುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲದ ಕತೆ ಅದು. ನಮ್ಮ ಜನ ಒಕ್ಕಲುತನದವರು, ಆದರೆ ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸ ಇಲ್ಲದಾಗ ಬಂಡೆ ಒಡೆಯಲೂ ಹೋಗುತ್ತಿದ್ದರು. ಬಂಡೆಗೆ ಕುಳಿ ತೋಡಿ, ಮದ್ದು ಗಿಡಿದು, ಬತ್ತಿಗೆ ಬೆಂಕಿ ಕೊಟ್ಟು ಓಡಿಬರುವ ಕೆಲಸ. ಒಮ್ಮೆ ಕನಕಪುರದ ಸಂತೆಗೆ ದಂಡಿಗೆ ಆಳು ಸೇರಿಸುವವರು ಬಂದರಂತೆ. ಫಿರಂಗಿ ಪಡೆಗೆ ಗಂಡಸರು ಬೇಕು, ಸದ್ದಿಗೆ ಹೆದರದವರು ಯಾರಿದ್ದೀರಿ ಎಂದು ಕೇಳಿದರಂತೆ. ನಮ್ಮೂರಿನ ಐದು ಜನ ಮುಂದೆ ನಡೆದರು. ಯಾರೂ ಅವರ ರಟ್ಟೆ ಹಿಡಿದು ಎಳೆದಿರಲಿಲ್ಲ. ದಿನಾ ಮದ್ದು ಸಿಡಿಸುವ ನಮಗೆ ಇದ್ಯಾವ ಲೆಕ್ಕ ಅಂದುಕೊಂಡಿರಬೇಕು. ಅವರಲ್ಲಿ ನನ್ನ ತಾತನೂ ಒಬ್ಬ. ಮನೆಗೆ ಉಪ್ಪು ತರುತ್ತೇನೆ ಎಂದು ಹೋದವನು. ಒಂದು ಸಲ ರಜೆಯ ಮೇಲೆ ಬಂದು, ಖಾಕಿ ಬಟ್ಟೆ ತೋರಿಸಿ, ಅಜ್ಜಿಯ ಹೊಟ್ಟೆಯಲ್ಲಿ ನಮ್ಮವ್ವನನ್ನು ಬಿಟ್ಟು ಹೋದ. "ಉಪ್ಪು ತತ್ತೀನಿ ಅಂತ ಹೋದೋನು ಉಪ್ಪುನೀರೇ ದಾಟ್ಬುಟ್ಟ" ಎಂದು ಅಜ್ಜಿ ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದಳು. ಹೇಳಿ ನಗುತ್ತಿದ್ದಳು ಕೂಡ.

ಐದು ಜನರಲ್ಲಿ ಒಬ್ಬನೂ ವಾಪಸು ಬರಲಿಲ್ಲ. ಬರ್ಮಾ ಕಡೆ ಅಂದರು ಕೆಲವರು, ಹಡಗಿನಲ್ಲೇ ಅಂದರು ಇನ್ನು ಕೆಲವರು. ಊರ ಪಟೇಲರು ಚಾವಡಿಯಲ್ಲಿ ಸುದ್ದಿ ಓದಿ ಹೇಳಿದಾಗ ಅಜ್ಜಿ ಬಳೆ ಒಡೆಯಲು ಒಪ್ಪಲಿಲ್ಲ. ಹೆಣ ನೋಡದೆ ಬಳೆ ಒಡೆಯುವುದು ಹೇಗೆ ಎಂದಳು. ಉಳಿದ ನಾಲ್ಕು ಹೆಂಗಸರೂ ಅದನ್ನೇ ಅಂದರು. ಸುಡಲಿಲ್ಲ, ಹೂಳಲಿಲ್ಲ, ತಿಥಿಯಿಲ್ಲ. ಕುಂಕುಮ ಇಟ್ಟುಕೊಂಡೇ ಆ ಐವರೂ ಅಳುತ್ತಾ ಓಡಾಡಿಕೊಂಡಿದ್ದರಂತೆ. ಕೊನೆಗೆ ಬಂಡೆಯಲ್ಲಿ ಅವರ ಜೊತೆ ಕೆಲಸ ಮಾಡಿದ್ದವರೇ ಸೇರಿ ಒಂದು ಕಲ್ಲು ಎಬ್ಬಿಸಿ ತಂದು ಹುಣಸೆಮರದ ಕೆಳಗೆ ನಿಲ್ಲಿಸಿದರು.

ಕಲ್ಲಿನ ಮೇಲುಭಾಗದಲ್ಲಿ ಫಿರಂಗಿ ಕೆತ್ತಿದ್ದರು. ಕೆತ್ತಿದವನು ಫಿರಂಗಿಯನ್ನು ಕಣ್ಣಲ್ಲಿ ಕಂಡವನಲ್ಲ. ಎತ್ತಿನಗಾಡಿಯ ಮೇಲೆ ಒನಕೆ ಮಲಗಿಸಿದ ಹಾಗಿತ್ತು. ಅದರ ಕೆಳಗೆ ಸಾಲಿಗೊಂದರಂತೆ ಐದು ಹೆಸರು. ಕಲ್ಲು ನಿಲ್ಲಿಸಿದ ದಿನ ಆ ಐದು ಹೆಂಗಸರು ಅದರ ಬುಡಕ್ಕೆ ಕೈ ಕುಟ್ಟಿ ಬಳೆ ಒಡೆದುಕೊಂಡರು. ಆ ದಿನದಿಂದ ತಾತ ಸತ್ತವನಾದ. ನಮ್ಮಲ್ಲಿ ಸತ್ತವರಿಗೆ ಮಾತ್ರ ಎಡೆ. ಸತ್ತ ಎಂದು ಒಪ್ಪಿಕೊಂಡ ಮೇಲೆ ಅವನಿಗೆ ಊಟ ಇಡಲು ದಾರಿಯಾಯಿತು.

ಮಾರ್ಲಾಮಿ ನಮ್ಮ ಕಡೆ ಹಿರಿಯರ ಹಬ್ಬ. ಪಿತೃಪಕ್ಷದಲ್ಲಿ ಬರುತ್ತದೆ. ಎಲ್ಲರೂ ಮನೆಯೊಳಗೆ ಎಲೆ ಹಾಕಿ, ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ಕೆಮ್ಮಿ, ನಾವು ಬರುತ್ತಿದ್ದೇವೆ ಎಂದು ತಿಳಿಸಿ, ಬಾಗಿಲು ತೆಗೆಯುತ್ತಾರೆ. ಫಿರಂಗಿಯವರಿಗೆ ಮಾತ್ರ ಎಡೆ ಕಲ್ಲಿನ ಹತ್ತಿರ. ಅಲ್ಲಿ ಮುಚ್ಚಲು ಬಾಗಿಲಿಲ್ಲವಲ್ಲ, ಅದಕ್ಕೆ ಬೆನ್ನು ತಿರುಗಿಸಿ ಕೂರುವುದು. ಗಂಡುಮಕ್ಕಳು ಇಡಬೇಕಾದ ಎಡೆಯನ್ನು ತಾತನಿಗೆ ಅವ್ವನೇ ಇಡುತ್ತಿದ್ದಳು. ಅವಳೊಬ್ಬಳೇ ಕುಡಿ. ಎಡೆ ತಪ್ಪಬಾರದು ಎಂದೇ ಅಜ್ಜಿ ಅವಳನ್ನು ಹೊರಗೆ ಕೊಡದೆ, ಊರಲ್ಲೇ ಇದ್ದ ತನ್ನ ತಮ್ಮನಿಗೆ ಕೊಟ್ಟು ಮದುವೆ ಮಾಡಿದ್ದಳು. ಒಂದು ತುತ್ತಿಗಾಗಿ ಮಗಳ ಬದುಕನ್ನೇ ಊರಿಗೆ ಕಟ್ಟಿಹಾಕಿದಳಲ್ಲ ಎಂದು ನಾನು ಎಷ್ಟೋ ಸಲ ಸಿಡುಕಿದ್ದೇನೆ. ಅವ್ವನಿಗೆ ಮಾತ್ರ ಅದು ಕಟ್ಟು ಅನ್ನಿಸಲೇ ಇಲ್ಲ.

ಮಾರ್ಲಾಮಿಯ ಬೆಳಿಗ್ಗೆ ಅವಳು ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ, ಹೊಸ ಪಂಚೆ ಎಲ್ಲ ಕುಕ್ಕೆಯಲ್ಲಿಟ್ಟು ಹೊರಡುತ್ತಿದ್ದಳು. ಸಿಹಿ ಇಡುತ್ತಿರಲಿಲ್ಲ. ತಾತನಿಗೆ ಸಿಹಿ ಕಂಡರೆ ಆಗುತ್ತಿರಲಿಲ್ಲವಂತೆ, ಒಬ್ಬಟ್ಟು ಮಾಡಿದ ದಿನ ಮೆಣಸಿನಕಾಯಿ ಕಡಿದುಕೊಂಡು ಮುದ್ದೆ ನುಂಗುತ್ತಿದ್ದನಂತೆ. ಮೊದಲು ಕಲ್ಲಿಗೆ ನೀರು ಹುಯ್ದು ತೊಳೆಯುತ್ತಿದ್ದಳು. ಅವ್ವನಿಗೆ ಓದು ಬರಹ ಇಲ್ಲ. ಆದರೆ ನಾಲ್ಕನೇ ಸಾಲು ಅಪ್ಪನದು ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಆ ಸಾಲಿನ ಒಂದೊಂದು ಅಕ್ಷರದೊಳಗೂ ತೋರುಬೆರಳು ಆಡಿಸಿ ಮಣ್ಣು ತೆಗೆಯುತ್ತಿದ್ದಳು. "ನಮ್ಮಪ್ಪನ ಮಕ ಒರೆಸ್ತೀನಿ ತಡಿ" ಅನ್ನುತ್ತಿದ್ದಳು. ಫೋಟೋ ಇಲ್ಲ, ಕಂಡ ನೆನಪಿಲ್ಲ. ಅವಳ ಅಪ್ಪ ಅಂದರೆ ಬೆರಳಿನ ತುದಿಗೆ ಸಿಗುವ ಆ ಗೀರುಗಳೇ. ನಾನು ರಾಮನಗರಕ್ಕೆ ಮದುವೆಯಾಗಿ ಹೋಗಿ, ಅಲ್ಲಿ ಅಂಗನವಾಡಿ ಟೀಚರಾಗಿ, ಊರಿನ ಮಕ್ಕಳಿಗೆಲ್ಲ ಅ ಆ ಇ ಈ ತಿದ್ದಿಸಿದವಳು. ನಮ್ಮವ್ವನಿಗೆ ಒಂದು ಹೆಸರಿನ ಆಚೆಗೆ ಇನ್ನೊಂದು ಅಕ್ಷರ ಕಲಿಸಲು ಆಗಲಿಲ್ಲ. "ನಂಗೆ ಅದೊಂದು ಸಾಕು ಕಣವ್ವ" ಎಂದುಬಿಟ್ಟಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ನಮ್ಮೂರ ಜಮೀನುಗಳಿಗೆ ನೋಟಿಸು ಬಂತು. ಫ್ಯಾಕ್ಟರಿ ಬರುತ್ತದೆ ಅಂದರು. ಹೊಲ ಹೋದ ಕತೆಯನ್ನು ನಮ್ಮ ಕಡೆ ಪ್ರತಿ ಮನೆಯವರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಅಳತೆಗೆ ಬಂದವನೊಬ್ಬ ಹುಣಸೆಮರದ ನೆರಳಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾ ಕಲ್ಲನ್ನು ನೋಡಿ, ಇದು ಯಾರದೋ ಸಮಾಧಿ ತಾನೆ, ಇದನ್ನೆಲ್ಲ ಉಳಿಸಲ್ಲ, ಗುಡಿಯಾಗಿದ್ದರೆ ಬಿಡ್ತಾರೆ ಅಂದನಂತೆ. ಅವನ ಮಾತು ಸುಳ್ಳಿರಲಿಲ್ಲ. ಪಕ್ಕದ ಊರಿನ ಹಳೇ ಗೋರಿಗಳ ಮೇಲೆ ಅಷ್ಟರಲ್ಲಾಗಲೇ ಜೆಸಿಬಿ ಹರಿದಿತ್ತು.

ಅವ್ವ ಅವತ್ತಿನಿಂದ ಊಟ ಬಿಟ್ಟಳು. ನನ್ನ ತಮ್ಮ ಫೋನ್ ಮಾಡಿ, "ಅಕ್ಕ, ಬಂದು ಒಸಿ ಸಮಾಧಾನ ಹೇಳು" ಅಂದ. ಅವ್ವ ಇದ್ದದ್ದು ತಮ್ಮನ ಮನೆಯಲ್ಲೇ. ನಾನು ಭಾನುವಾರ ಹೋದೆ. ಹೋದ ಹೊತ್ತಿಗೆ ಊರ ಯಜಮಾನರ ಜಗುಲಿಯಲ್ಲಿ ಸಭೆ ಸೇರಿತ್ತು. ಯಜಮಾನರು ಅವ್ವನಿಗಿಂತ ಸ್ವಲ್ಪ ದೊಡ್ಡವರು, ಅವ್ವ ಅವರನ್ನು ಅಣ್ಣ ಅನ್ನುತ್ತಿದ್ದಳು. ಆಡಿದ ಮಾತು ನಡೆಸಿಯೇ ತೀರುವ ಮನುಷ್ಯ. ಅವರು ತೊಡೆ ತಟ್ಟಿ ಹೇಳಿದರು:

"ಕಲ್ಲು ಅಂದ್ರೆ ಕಿತ್ತಾಕ್ತಾರೆ. ಸಮಾಧಿ ಅಂದ್ರೆ ಅಗ್ದಾಕ್ತಾರೆ. ದ್ಯಾವ್ರು ಅಂದ್ರೆ? ಜೆಸಿಬಿ ಡ್ರೈವರ್ರೇ ಮುಟ್ಟಾಕಿಲ್ಲ ಕಣ್ಲಾ. ದ್ಯಾವ್ರು ಮಾಡ್ಬುಡಾನ."

ಜಗುಲಿಯ ಮೇಲಿದ್ದವರೆಲ್ಲ ಭಲೇ ಅಂದರು. ನಾನೂ ಒಳ್ಳೇ ಉಪಾಯ ಎಂದೇ ತಿಳಿದೆ. ಅವ್ವ ಮಾತ್ರ ಕಂಬದ ಹಿಂದಿನಿಂದ, "ನಮ್ಮಪ್ಪನ ಊಟಕ್ಕೆ ತೊಂದ್ರೆ ಆಗಾಕಿಲ್ವಾ ಅಣ್ಣ?" ಎಂದು ಕೇಳಿದಳು.

"ಏನ್ ತೊಂದ್ರೆ ತಂಗ್ಯವ್ವ? ಯಾವತ್ನಂಗೆ ಮಾರ್ಲಾಮಿಗೆ ಬಂದು ಎಡೆ ಮಡುಗು. ಅವ್ರಿಗೆ ದ್ಯಾವ್ರು, ನಿಂಗೆ ಅಪ್ಪ."

ಆ ಮಾತು ಅವ್ವನಿಗೆ ಹಿಡಿಸಿತು. ಮನೆಗೆ ಬರುತ್ತಾ, ಅಪ್ಪ ದ್ಯಾವ್ರಾದ್ರೆ ಕೆಟ್ಟದ್ದೇನು, ಒಳ್ಳೇದೇ ಅಲ್ವಾ ಎಂದು ನನ್ನನ್ನೇ ಸಮಾಧಾನ ಮಾಡಿದಳು. ಮಾರನೇ ಬೆಳಿಗ್ಗೆ ಊರವರೆಲ್ಲ ಸೇರಿ ಕಲ್ಲಿಗೆ ಅರಿಶಿನ ಬಳಿದರು. ಅವ್ವ ಎಲ್ಲರಿಗಿಂತ ಮುಂದೆ. ನಾಲ್ಕನೇ ಸಾಲಿಗೆ ಬಂದಾಗ ಅವಳ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಅದರ ಮೇಲೂ ಬಳಿದಳು. ಫಿರಂಗಿಯ ಮೇಲ್ಗಡೆ ಮೇಣ ಹಚ್ಚಿ ಬೆಳ್ಳಿ ಕಣ್ಣು ಅಂಟಿಸಿದರು. ಕೆತ್ತನೆಯಲ್ಲಿ ಬಂಡಿ ಇದೆಯಲ್ಲ ಎಂದು ಬಂಡೀಶ್ವರಸ್ವಾಮಿ ಎಂದು ಹೆಸರಿಟ್ಟರು. ಮರದ ಕೊಂಬೆಗೆ ಗಂಟೆ ಕಟ್ಟಿದರು. ನೂರಾರು ವರ್ಷದ ದೇವರು ಎಂದು ಹೇಳಬೇಕು ಎಂದು ಎಲ್ಲರಿಗೂ ಪಾಠ ಆಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ ಎಂಬ ಗಾದೆ ಇದೆ. ನಮ್ಮೂರವರು ಅಪ್ಪನನ್ನು ಉಳಿಸಲು ಹೋಗಿ ದೇವರನ್ನು ಮಾಡಿ ಕೂತರು.

ಉಪಾಯ ಬೇಕಾದ್ದಕ್ಕಿಂತ ಹೆಚ್ಚು ಫಲಿಸಿತು. ಕಂಪನಿಯ ದೊಡ್ಡ ಸಾಹೇಬರು ಬಂದವರು ದೂರದಲ್ಲೇ ಶೂ ಬಿಚ್ಚಿ, ಬಿಸಿಲಲ್ಲಿ ಕಾಲು ಸುಡಿಸಿಕೊಂಡು ನಡೆದು ಬಂದು ಅಡ್ಡಬಿದ್ದರು. ನಮ್ಮ ಜಾಗದಲ್ಲಿ ದೇವರಿರುವುದು ನಮ್ಮ ಪುಣ್ಯ, ದೇವಸ್ಥಾನ ನಾವೇ ಕಟ್ಟಿಸುತ್ತೇವೆ ಎಂದರು. ನಮ್ಮೂರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಡ ಅನ್ನಲು ಆಗುತ್ತದೆಯೇ? ಹುಣಸೆಮರ ಹೋಯಿತು. ಗ್ರಾನೈಟ್ ನೆಲ, ಪುಟ್ಟ ಗೋಪುರ, ಸ್ಟೀಲಿನ ಕಟಕಟೆ ಬಂತು. ಪೇಟೆಯಿಂದ ಅರ್ಚಕರು ಬಂದರು, ಹೋಮ ಆಯಿತು, ಪ್ರತಿಷ್ಠೆ ಆಯಿತು. ಕಲ್ಲಿಗೆ ಬೆಳ್ಳಿ ಕವಚ ತೊಡಿಸಿದರು. ಸುತ್ತ ಕಾಂಪೌಂಡು ಎದ್ದಾಗ ದೇವಸ್ಥಾನ ಒಳಗೆ ಉಳಿಯಿತು, ಊರು ಹೊರಗೆ ಉಳಿಯಿತು. ಬೆಳಿಗ್ಗೆ ಹೊತ್ತು ಊರವರನ್ನು ಒಳಗೆ ಬಿಡುತ್ತಿದ್ದರು. ಊರಿನ ಕೆಲವರಿಗೆ ಫ್ಯಾಕ್ಟರಿಯಲ್ಲಿ ಕೆಲಸವೂ ಸಿಕ್ಕಿತು. ನನ್ನ ತಮ್ಮನಿಗೆ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ. ನೀಲಿ ಅಂಗಿ, ಟೋಪಿ, ಕೊರಳಲ್ಲಿ ಸೀಟಿ. ಅವನನ್ನು ಆ ವೇಷದಲ್ಲಿ ನೋಡಿ ಅವ್ವ, "ತಾತನಂಗೇ ಕಾಣ್ತಾನೆ" ಅಂದಳು. ಅವಳು ತಾತನನ್ನು ಕಂಡಿದ್ದು ಯಾವಾಗ?

ಆ ವರ್ಷದ ಮಾರ್ಲಾಮಿಗೆ ನಾನು ಊರಲ್ಲಿದ್ದೆ. ಅವ್ವ ಯಾವತ್ತಿನಂತೆ ಮುದ್ದೆ, ಕೋಳಿ ಸಾರು, ಬೀಡಿ, ಪಂಚೆ ಕುಕ್ಕೆಯಲ್ಲಿಟ್ಟು ಹೊತ್ತುಕೊಂಡಳು. ನಾನು ನೀರಿನ ಚೊಂಬು ಹಿಡಿದು ಹಿಂದೆ ಹೋದೆ. ಗೇಟಿನಲ್ಲಿ ತಮ್ಮ ಇದ್ದ. ಸಾರಿನ ವಾಸನೆಗೇ ಅವನ ಮುಖ ಇಳಿಯಿತು.

"ಅವ್ವ, ಬಾಡು ಒಳೀಕೆ ಬುಡಂಗಿಲ್ಲ ಕಣವ್ವ."

"ನಿಂಗಲ್ಲ ಕಣ್ಲಾ, ತಾತಂಗೆ. ತೆಗಿ ಗೇಟ."

"ನನ್ ಕೆಲ್ಸ ಹೋಯ್ತದೆ ಅವ್ವ."

ಮಾತು ಬೆಳೆಯುವುದನ್ನು ಕಂಡು ಅರ್ಚಕರೇ ಈಚೆಗೆ ಬಂದರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ನಿಜ ಹೇಳಿರಲಿಲ್ಲ. ಕೈ ಜೋಡಿಸಿಯೇ ಹೇಳಿದರು, "ಹೋದವರ ಎಡೆಯನ್ನು ದೇವಸ್ಥಾನಕ್ಕೆ ತರಬಾರದಮ್ಮ. ಅದರಲ್ಲೂ ಇಂಥದ್ದು. ನಿಮ್ಮ ಹಿರಿಯರಿಗೆ ನಿಮ್ಮ ಮನೆಯಲ್ಲೇ ಇಡಿ."

"ಬುದ್ಧಿ, ನಮ್ಮ ಹಿರೀಕರು..." ಎಂದು ಅವ್ವ ಕಾಂಪೌಂಡಿನ ಒಳಗೆ ಬೆರಳು ತೋರಿಸಲು ಹೋದಳು. ಅಷ್ಟರಲ್ಲಿ ಯಜಮಾನರು ಎಲ್ಲಿದ್ದರೋ ಓಡಿಬಂದು ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ.

"ಬಾಯಿ ಬುಟ್ಟೀಯ ತಂಗ್ಯವ್ವ! ಸತ್ತೋರ ಕಲ್ಲು ಅಂತ ಗೊತ್ತಾದ್ರೆ ನಾಳೀಕೇ ಕಿತ್ತು ಬಿಸಾಕ್ತಾರೆ. ಮೋಸ ಮಾಡುದ್ರು ಅಂತ ಹುಡುಗ್ರ ಕೆಲ್ಸಾನೂ ಕಿತ್ಕತಾರೆ. ನಿನ್ ಮಗಂದೂ ಸೇರ್ಕಂಡು."

"ನೀವೇ ತಾನೆ ಮಾವ ಹೇಳಿದ್ದು, ಯಾವತ್ನಂಗೆ ಎಡೆ ಮಡುಗು ಅಂತ?" ಎಂದು ನಾನು ಎಗರಿಬಿದ್ದೆ.

ಅವರು ತಲೆ ತಗ್ಗಿಸಿದರು. "ಇಂಗಾಯ್ತದೆ ಅಂತ ಯಾರ್ ಕಂಡಿದ್ರವ್ವ" ಅಂದರು. ಅದೂ ನಿಜವೇ. ಅವರ ಮನೆಯ ದೊಡ್ಡಪ್ಪನ ಹೆಸರೂ ಆ ಕಲ್ಲಿನಲ್ಲಿತ್ತು. ಅವರ ಮನೆಯ ಎಡೆಯೂ ಅವತ್ತು ಕಲ್ಲಿಗೆ ಬರಲಿಲ್ಲ.

ಉಳಿದ ನಾಲ್ಕು ಮನೆಯವರು ಅದೇ ವರ್ಷದಿಂದ ಎಡೆಯನ್ನು ಮನೆಯೊಳಕ್ಕೆ ತಂದುಕೊಂಡರು. ಅವ್ವ ಒಪ್ಪಲಿಲ್ಲ. ನಮ್ಮಪ್ಪ ಮನೆ ದಾರಿ ಮರೆತವನು, ಕಲ್ಲಿಗೆ ಬಿಟ್ಟು ಬೇರೆ ಎಲ್ಲಿಗೆ ಬರುತ್ತಾನೆ ಎನ್ನುವುದು ಅವಳ ವಾದ. ಕಾಂಪೌಂಡಿನ ಸುತ್ತ ನಡೆದು, ದೇವಸ್ಥಾನದ ಹಿಂಭಾಗ ಎಲ್ಲಿ ಬರುತ್ತದೆ ಎಂದು ಅಂದಾಜು ಮಾಡಿ, ಗೋಡೆಯ ಬುಡದಲ್ಲಿ ಎಲೆ ಹಾಕಿ ಬಡಿಸಿದಳು. ನಾವಿಬ್ಬರೂ ಬೆನ್ನು ತಿರುಗಿಸಿ ರಸ್ತೆ ನೋಡುತ್ತಾ ಕೂತೆವು. ಲಾರಿಗಳು ಒಂದರ ಹಿಂದೆ ಒಂದು ಹೋದವು. ಅವ್ವ ಕೆಮ್ಮಿದಳು. ತಿರುಗಿದರೆ ಮುದ್ದೆಯ ಮೇಲೆ, ಸಾರಿನ ಮೇಲೆ, ಹೊಸ ಪಂಚೆಯ ಮೇಲೆ ಕೆಂಪು ಧೂಳು ಕೂತಿತ್ತು.

"ನಾವ್ ಬಂದಿದ್ದೇ ಅವ್ರಿಗೆ ಗೊತ್ತಾಗಿಲ್ಲ. ಅವ್ರ ಮಕ ಆ ಕಡೀಕೈತೆ" ಅಂದಳು ಅವ್ವ. ಅವಳು ಅತ್ತಿದ್ದು ಅವತ್ತು. ನಾನು ಧೂಳು ಕೊಡವಿ ಎಲೆ ಮಡಚಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಪಾಲಿಗೆ ಪೂಜಾರಿ ಕೊಡಲು ತಯಾರಿದ್ದ, ಕೇಳಲು ನಮಗೇ ಬಾಯಿರಲಿಲ್ಲ. ಹೂವು ಕಾಯಿ ತಂದರೆ ಧಾರಾಳವಾಗಿ ಬನ್ನಿ ಎಂದು ಅವರು ಅವ್ವನಿಗೆ ಪದೇ ಪದೇ ಹೇಳುತ್ತಿದ್ದರು. ಕಾರ್ತಿಕ ಸೋಮವಾರ ಅವ್ವ ಮನಸ್ಸು ಮಾಡಿದಳು. ಮಿಂದು, ಒಳ್ಳೇ ಸೀರೆ ಉಟ್ಟು, ಹಣ್ಣು ಕಾಯಿ ಹಿಡಿದು ಹೊರಟಳು. ನಾನು ಜೊತೆಗೆ ಹೋದೆ. ಒಳಗೆ ಧೂಪದ ಹೊಗೆ. ಬೆಳ್ಳಿ ಕವಚದೊಳಗೆ ಕಲ್ಲು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ, ಕಣ್ಣು ಮೀಸೆ ಎಲ್ಲ ಬೆಳ್ಳಿಯವೇ. ಅರ್ಚಕರು ತಟ್ಟೆ ತೆಗೆದುಕೊಂಡು, "ಅರ್ಚನೆ ಯಾರ ಹೆಸರಿಗಮ್ಮ?" ಎಂದರು.

ಅವ್ವ ತಾತನ ಹೆಸರು ಹೇಳಿದಳು.

ಅರ್ಚಕರು ಅವಳ ನರೆತ ತಲೆ ನೋಡಿ ಅನುಮಾನಪಟ್ಟರು. "ಮಗನ ಹೆಸರಾ?"

"ನಮ್ಮಪ್ಪಂದು."

"ಇದ್ದಾರಾ? ಹೋದವರ ಹೆಸರಿಗೆ ಅರ್ಚನೆ ಮಾಡುವುದಿಲ್ಲಮ್ಮ."

ಅವ್ವ ನನ್ನ ಕಡೆ ನೋಡಿದಳು. ಆಮೇಲೆ ಬೆಳ್ಳಿ ಮುಖದ ಕಡೆ ನೋಡಿದಳು. "ಅವ್ರೆ" ಅಂದಳು.

ಅರ್ಚಕರು ತಾತನ ಹೆಸರು ಹೇಳಿ, ಅವನಿಗೆ ಆಯಸ್ಸು ಕೊಡು, ಆರೋಗ್ಯ ಕೊಡು ಎಂದು ತಾತನನ್ನೇ ಬೇಡಿಕೊಂಡರು. ನನಗೆ ನಗು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವ್ವ ಕಣ್ಣು ಮುಚ್ಚಿ ನಿಂತಿದ್ದಳು. ಈಚೆಗೆ ಬಂದಾಗ ಅವಳ ಮುಖ ಅರಳಿತ್ತು. "ಅಪ್ಪನ ಹೆಸ್ರ ಅಪ್ಪನ ಮುಂದೆ ಹೇಳ್ಸಿ ಎಷ್ಟು ಕಾಲ ಆಗಿತ್ತು ಕಣವ್ವ" ಅಂದಳು. ಗೇಟಿನವರೆಗೆ ಹಾಗೇ ಖುಷಿಯಲ್ಲಿ ನಡೆದಳು. ಗೇಟಿನ ಹತ್ತಿರ ನಿಂತುಬಿಟ್ಟಳು.

"ಬದುಕವ್ರೆ ಅಂದ್ಬುಟ್ನಲ್ಲವ್ವ ನಾನು."

ಏನೂ ಆಗಲ್ಲ ಬಾ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಆ ಮಾತು ಅವಳೊಳಗೆ ಹುಳದ ಹಾಗೆ ಕೊರೆಯಿತು. ಮಾರನೇ ವರ್ಷ ಮಾರ್ಲಾಮಿಗೆ ನಾನು ಹೋದಾಗ ಅಜ್ಜಿಗೂ, ತೀರಿಕೊಂಡಿದ್ದ ನನ್ನ ಅಪ್ಪನಿಗೂ ಎಡೆ ಸಿದ್ಧವಾಗಿತ್ತು, ತಾತನ ಕುಕ್ಕೆ ಅಟ್ಟದ ಮೇಲೆಯೇ ಇತ್ತು. ಕೇಳಿದರೆ, "ಮಂಗಳಾರತಿ ಮುಂದೆ ಬದುಕವ್ರೆ ಅಂದಿವ್ನಿ. ಬದುಕಿರೋರಿಗೆ ಎಂಗವ್ವ ಎಡೆ ಮಡುಗ್ಲಿ? ಅಪಶಕುನ ಅಲ್ವಾ?" ಅಂದಳು. ಸತ್ತು ಅರವತ್ತು ವರ್ಷದ ಮೇಲಾದವನಿಗೆ ಎಂಥ ಅಪಶಕುನ ಎಂದು ನಾನು ರೇಗಿದೆ. "ನಮ್ಮವ್ವ ಬಳೆ ಒಡ್ಕಂಡ ಮ್ಯಾಕೆ ತಾನೆ ಅವ್ರಿಗೆ ಅನ್ನ ಹುಟ್ಟಿದ್ದು, ಅದನ್ನ ನಾನೇ ಕಳ್ದೆ" ಎಂದು ಅವ್ವ ಗೋಡೆ ಕಡೆ ತಿರುಗಿ ಮಲಗಿದಳು. ರೇಗಿ ಪ್ರಯೋಜನವಿರಲಿಲ್ಲ. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಒಂದು ಆಸೆ ಮಾತ್ರ ಅವಳಲ್ಲಿ ಉಳಿದಿತ್ತು. ಹೆಸರು ಮುಟ್ಟಬೇಕು. ಒಂದೇ ಒಂದು ಸಲ ಆ ನಾಲ್ಕನೇ ಸಾಲಿನ ಮೇಲೆ ಬೆರಳಾಡಿಸಿ, ಅಪ್ಪ, ತಪ್ಪಾಯ್ತು ಅನ್ನಬೇಕು. ಶಿವರಾತ್ರಿಗೆ ಮುಂಚೆ ಕವಚ ಬಿಚ್ಚಿ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ದೇವಸ್ಥಾನ ತೊಳೆಯಲು ಊರ ಹೆಂಗಸರನ್ನು ಕರೆಯುತ್ತಾರೆ ಎಂದು ತಮ್ಮ ಹೇಳಿದ್ದ. ಅವ್ವ ಆ ದಿನಕ್ಕೆ ಕಾದಳು. ಮೊಣಕಾಲು ಬಾತಿದ್ದರೂ ಪೊರಕೆ ಹಿಡಿದು ಬಂದಳು. ಅವಳು ಬಿದ್ದುಗಿದ್ದಾಳು ಎಂದು ನಾನೂ ರಜೆ ಹಾಕಿ ಬಂದಿದ್ದೆ. ಉಳಿದವರೆಲ್ಲ ಹೊರಗೆ ಗ್ರಾನೈಟ್ ನೆಲ ತೊಳೆಯುತ್ತಿದ್ದರು. ಅವ್ವ ಗರ್ಭಗುಡಿಯ ಹೊಸ್ತಿಲಲ್ಲಿ ಕೂತು ಅರ್ಚಕರನ್ನು ಕೇಳಿದಳು, "ಬುದ್ಧಿ, ಒಸಿ ಮುಟ್ಲಾ?"

ಮೂಲವಿಗ್ರಹ ಮುಟ್ಟುವ ಹಾಗಿಲ್ಲ ಎಂದು ಅವರು ಹೇಳಬೇಕಿತ್ತು. ಅವ್ವನ ಮುಖದಲ್ಲಿ ಏನು ಕಂಡರೋ, "ನಾನು ನೀರು ತರುತ್ತೇನೆ" ಎಂದು ಕೊಡ ಎತ್ತಿಕೊಂಡು, ಬೆನ್ನು ತಿರುಗಿಸಿ ಹೊರಟುಹೋದರು.

ಅವ್ವ ಹೊಸ್ತಿಲು ದಾಟಿ, ಕಲ್ಲಿನ ಮುಂದೆ ಕೂತು ಎರಡೂ ಕೈ ಚಾಚಿದಳು. ಮೇಲೆ ಫಿರಂಗಿ ಇತ್ತು, ಗಾಲಿ ಇತ್ತು, ಒನಕೆ ಇತ್ತು. ಬೆರಳು ಕೆಳಗೆ ಇಳಿಯಿತು. ಕೆಳಗೆ ಇಳಿದು, ಮತ್ತೆ ಮೇಲೆ ಹತ್ತಿ, ಅಡ್ಡಕ್ಕೆ ಹೋಗಿ, ಅಂಚಿನವರೆಗೆ ಹೋಗಿ ಮತ್ತೆ ಬಂತು. ನಾನು ಹೊಸ್ತಿಲಲ್ಲಿ ನಿಂತಲ್ಲಿಂದಲೇ ಕಂಡೆ. ಫಿರಂಗಿಯಿಂದ ಕೆಳಗೆ ಕಲ್ಲು ಸವೆದ ಒರಳಿನ ಹಾಗೆ ನುಣ್ಣಗಿತ್ತು. ಐದು ಹೆಸರಿನಲ್ಲಿ ಒಂದು ಕೊಂಬೂ ಉಳಿದಿರಲಿಲ್ಲ.

"ಎಲ್ಲವ್ವ? ಯಾವ ಸಾಲು ಇದು? ನೀನು ಓದಿದೋಳಲ್ವಾ, ಒಸಿ ನ್ವಾಡು" ಅಂದಳು ಅವ್ವ.

ನೋಡಲು ಏನಿತ್ತು?

ಗೇಟಿನಲ್ಲಿ ತಮ್ಮನನ್ನು ಹಿಡಿದು ಕೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು. ಕವಚ ಸರಿಯಾಗಿ ಕೂರಲಿ ಎಂದು, ಜೊತೆಗೆ ಕವಚ ಬಿಚ್ಚಿದಾಗ ಯಾರಾದರೂ ಹೆಸರು ಓದಿ ಇದೇನು ಎಂದು ಕೇಳಿಬಿಟ್ಟಾರು ಎಂದು, ಪ್ರತಿಷ್ಠೆಗೆ ಮುಂಚೆಯೇ ಯಜಮಾನರು ಕಲ್ಲನ್ನು ನುಣುಪು ಮಾಡಿಸಿದ್ದರು. ಗ್ರೈಂಡರ್ ಹಿಡಿದವನು ಹೊರಗಿನವನಲ್ಲ. ಆ ಐವರಲ್ಲಿ ಒಬ್ಬನ ಮೊಮ್ಮಗ, ಬಂಡೆ ಕೆಲಸದವನೇ. ತನ್ನ ತಾತನ ಹೆಸರನ್ನೂ ತಾನೇ ಉಜ್ಜಿ ತೆಗೆದಿದ್ದ. ನಾನು ನೇರ ಯಜಮಾನರ ಮನೆಗೆ ಹೋಗಿ ಬಾಯಿಗೆ ಬಂದ ಹಾಗೆ ಅಂದೆ. ಅಷ್ಟೂ ಕೇಳಿಸಿಕೊಂಡು ಅವರು ಒಂದೇ ಮಾತು ಹೇಳಿದರು, "ಕಲ್ಲು ಉಳ್ದೈತಲ್ಲವ್ವ."

ಕಲ್ಲು ಉಳಿದಿದೆ. ಅವರು ಹೇಳಿದ್ದು ಸರಿ.

ಅವ್ವ ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಮಲಗಿದಲ್ಲೇ ಗೋಡೆಯ ಮೇಲೆ, ಕಂಬಳಿಯ ಮೇಲೆ ತೋರುಬೆರಳು ಆಡಿಸುತ್ತಿದ್ದಳು. ಅಂಗನವಾಡಿಯಿಂದ ಒಂದು ಸ್ಲೇಟು ತಂದು ಅದರ ಮೇಲೆ ತಾತನ ಹೆಸರನ್ನು ದೊಡ್ಡದಾಗಿ ಬರೆದು ಅವಳ ಕೈಗೆ ಕೊಟ್ಟೆ. ಬೆರಳಾಡಿಸಿದಳು. ಬಳಪ ಬೆರಳಿಗೆ ಹತ್ತಿಕೊಂಡಿತು, ಅಕ್ಷರ ಕದಡಿಹೋಯಿತು. "ಇದು ನಿಲ್ಲಾಕಿಲ್ಲ ಕಣವ್ವ" ಎಂದು ಸ್ಲೇಟನ್ನು ನನಗೇ ವಾಪಸು ಕೊಟ್ಟಳು. ಹೋಗುವ ಹಿಂದಿನ ದಿನವೂ, ಅಪ್ಪ ಉಂಡು ಎಷ್ಟು ವರ್ಷ ಆಯ್ತು ಎಂದು ಕೇಳಿದಳು.

ಅವ್ವ ಹೋದ ಮೇಲೆ ಬಂದ ಮಾರ್ಲಾಮಿಗೆ ತಮ್ಮ ಮನೆಯೊಳಗೆ ಎಲೆ ಹಾಕಿದ. ಅಜ್ಜಿಗೊಂದು, ಅಪ್ಪನಿಗೊಂದು, ಈಗ ಅವ್ವನಿಗೊಂದು. ನಾನು ಕೋಳಿ ಸಾರು ಬಡಿಸುತ್ತಾ ನಾಲ್ಕನೇ ಎಲೆಗಾಗಿ ಅವನ ಮುಖ ನೋಡಿದೆ. ಎಲೆ ಅವನ ಕೈಯಲ್ಲೇ ಇತ್ತು.

"ತಾತ ಬದುಕವ್ರೆ ಅಂತ ಅವ್ವ ಅಂದವ್ಳೆ ಕಣಕ್ಕ. ಅವಳೇ ಇಲ್ದೆ ನಾವ್ ಎಂಗೆ ಸತ್ತವ್ರೆ ಅನ್ನಾದು?" ಅಂದ.

ಹಾಕು ಅನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಅವ್ವನ ಮೊದಲನೇ ಎಡೆಯ ಮುಂದೆ ಅವಳ ಮಾತನ್ನು ಸುಳ್ಳು ಮಾಡಲು ನನಗೆ ಬಾಯಿ ಬರಲಿಲ್ಲ. ತಮ್ಮ ಆ ಎಲೆಯನ್ನು ಮಡಚಿ ಮೂಲೆಗೆ ಇಟ್ಟ. ಬಾಗಿಲು ಮುಚ್ಚಿ, ಜಗುಲಿಯ ಮೇಲೆ ಬೆನ್ನು ತಿರುಗಿಸಿ ಕೂತೆವು. ಕಾಂಪೌಂಡಿನೊಳಗೆ ಮಧ್ಯಾಹ್ನದ ಮಂಗಳಾರತಿಯ ಗಂಟೆ ಹೊಡೆಯತೊಡಗಿತು. ಆ ಹೊತ್ತಿಗೆ ಅಲ್ಲಿ ಸ್ವಾಮಿಗೆ ಸಿಹಿ ಪೊಂಗಲ್ ನೈವೇದ್ಯ ಇಡುತ್ತಾರೆ. ಗಂಟೆ ನಿಂತಿತು. ಆಮೇಲೆ ತಮ್ಮ ಕೆಮ್ಮಿದ. ನಾವು ಎದ್ದು ಒಳಗೆ ಹೋದೆವು.